ಶಾಹೀನಳಿಗೆ ಬರೆದುಕೊಡದ ಪತ್ರ

ಮೊನ್ನೆ ಆಫೀಸಿಗೆ ಹೋಗುವ ಬಸ್ಸಿನಲ್ಲಿ ಹಿಂದಿನ ಸೀಟಿನವರು ಡಬ್ಬಿ ತೆರೆದರು. ಶೇಂಗಾ ಹಿಂಡಿಯ, ಅಂದರೆ ಕಡಲೆಕಾಯಿ ಚಟ್ನಿಪುಡಿಯ ವಾಸನೆ. ಧಾರವಾಡದವನಾದ ನನಗೆ ಬಾಯಲ್ಲಿ ನೀರೂರಬೇಕಿತ್ತು. ಬಂದದ್ದು ನಾಚಿಕೆ. ಇಷ್ಟದ ತಿನಿಸಿನ ವಾಸನೆಗೆ ತಲೆತಗ್ಗಿಸಿ ಕೂತ ಅನುಭವ ನಿಮಗೂ ಆಗಿದೆಯೋ ಇಲ್ಲವೋ, ಆಗದಿರಲಿ.

ನಾಲ್ಕು ವರ್ಷದ ಹಿಂದೆ ಅವ್ವ ಊರಿನಿಂದ ಈ ಪರದೇಶಕ್ಕೆ, ಮೌಂಟ್ ರಾಸ್ಕಿಲ್‌ನ ನಮ್ಮ ಮನೆಗೆ ಬಂದು ವರ್ಷದ ಮೇಲೆ ಇದ್ದಳು. ನಾನೂ ಹೆಂಡತಿಯೂ ಕೆಲಸಕ್ಕೆ, ಮಗಳು ಶಾಲೆಗೆ. ಮಗಳಿಗೆ ಕನ್ನಡ ತಿಳಿಯುತ್ತದೆ, ಆದರೆ ಅವಳ ಉತ್ತರವೆಲ್ಲ ಇಂಗ್ಲಿಷು. ಇಡೀ ದಿನ ಮಾತಿಲ್ಲದೆ ಅವ್ವ ಬಾಡಿಹೋಗಿದ್ದಳು. ಒಂದು ಸಂಜೆ ನೋಡಿದರೆ ಮುಖ ಅರಳಿತ್ತು.

"ಬಸ್‌ಸ್ಟಾಪಿನ್ಯಾಗ ಇಳಕಲ್ಲಿನ ಹುಡುಗಿ ಸಿಕ್ಕಿದ್ಲು. ಶಾಹೀನ್ ಅಂತ. ಥೇಟ್ ನಮ್ಮಂಗ ಮಾತಾಡ್ತಾಳ!"

ಶಾಹೀನ್ ನಮ್ಮ ಬೀದಿಯ ಕೊನೆಯಲ್ಲಿ ಬಾಡಿಗೆಗಿದ್ದಳು. ಹತ್ತಿರದ ವೃದ್ಧಾಶ್ರಮವೊಂದರಲ್ಲಿ ನರ್ಸು. ಡ್ಯೂಟಿ ಮುಗಿಸಿ ಬರುತ್ತ ಅವ್ವನ ಹತ್ತಿರ ಅರ್ಧ ಗಂಟೆ ಕೂತು ಹೋಗುವಳು. ಅವಳು ತರುತ್ತಿದ್ದ ಶೇಂಗಾ ಹಿಂಡಿಯನ್ನು ಅತಿ ಹೆಚ್ಚು ತಿಂದವನು ನಾನೇ. ಅವಳ ಗಂಡ ಇರ್ಫಾನ್ ವಿಸಿಟರ್ ವೀಸಾದ ಮೇಲೆ ಎರಡು ತಿಂಗಳು ಬಂದಿದ್ದಾಗ ನಮ್ಮಲ್ಲಿ ಊಟ ಮಾಡಿದ್ದ. ಕುಕ್ಕರಿನ ಮುರಿದ ಹಿಡಿಕೆ ರಿಪೇರಿ ಮಾಡಿಕೊಟ್ಟು, ಅವ್ವನಿಂದ "ಶಾಣ್ಯಾ" ಅನ್ನಿಸಿಕೊಂಡಿದ್ದ.

ಇರ್ಫಾನ್ ವಾಪಸ್ ಹೋದ ಕೆಲವು ವಾರಕ್ಕೆ ಶಾಹೀನ್ ಬಸುರಿ ಎಂದು ತಿಳಿಯಿತು. ಅವನನ್ನು ಕರೆಸಿಕೊಳ್ಳಲು ವೀಸಾಕ್ಕೆ ಅರ್ಜಿ ಹಾಕಬೇಕಿತ್ತು. ಇಬ್ಬರೂ ನಿಜವಾಗಿ ಗಂಡ ಹೆಂಡತಿಯಾಗಿ ಬಾಳುತ್ತಿದ್ದಾರೆ ಎಂದು ಬಲ್ಲವರ ಪತ್ರಗಳಿದ್ದರೆ ಅರ್ಜಿಗೆ ಬಲ.

"ಅಣ್ಣಾರ, ನಮ್ಮಿಬ್ಬರನ್ನೂ ಒಟ್ಟಿಗೆ ನೋಡಿದವರು ಇಲ್ಲಿ ನೀವ ಅದೀರಿ. ಒಂದು ಪುಟ ಬರದು ಕೊಡ್ತೀರೇನ್ರಿ?" ಎಂದಳು.

"ಅಯ್ಯೋ, ಅದಕ್ಕೇನಮ್ಮಾ" ಎಂದೆ.

ಬರೆಯಲಿಲ್ಲ. ಆಗ ನಮ್ಮ ಪೌರತ್ವದ ಅರ್ಜಿ ಇನ್ನೂ ಸರಕಾರಿ ಕಚೇರಿಯಲ್ಲಿತ್ತು. ಶಾಹೀನಳ ಫೈಲಿನಲ್ಲಿ ನನ್ನ ಹೆಸರು ಯಾಕೆ ಎಂದು ಅಂಜಿದೆ. ಅದೊಂದೇ ಆಗಿದ್ದರೆ ಪುಕ್ಕಲ ಎಂದು ಬೈದುಕೊಂಡು ಸುಮ್ಮನಿರಬಹುದಿತ್ತು. ಶನಿವಾರದ ಊಟಗಳಲ್ಲಿ ನಾವು ಗೆಳೆಯರು ಸೇರಿ ಯುರೋಪಿನ ಭವಿಷ್ಯ ನಿರ್ಧರಿಸುತ್ತಿದ್ದೆವು. ಯಾರದೋ ಫೋನಿನಲ್ಲಿ ಯಾವುದೋ ವಿಡಿಯೋ. "ಅಲ್ಲಿ ಮುಸಲ್ಮಾನರನ್ನ ಒಳಗ ಬಿಟ್ಟು ಕೆಟ್ರು. ಈ ಮಂದಿ ಎಲ್ಲಿ ಹೋದ್ರೂ ಬೆರೆಯೋದಿಲ್ಲ" ಎಂದು ಒಬ್ಬ ಹೇಳಿದರೆ ಎಲ್ಲರಿಗಿಂತ ಜೋರಾಗಿ ಹೂಂಗುಟ್ಟುತ್ತಿದ್ದವನು ನಾನು. ಈ ದೇಶಕ್ಕೆ ಬಂದು ಹನ್ನೊಂದು ವರ್ಷವಾದರೂ ಪಕ್ಕದ ಮನೆಯ ಕಿವೀ ದಂಪತಿಯ, ಅಂದರೆ ಇಲ್ಲಿನವರ, ಹೊಸ್ತಿಲು ದಾಟದವನು! ಶಾಹೀನಳಿಗೋ, ಆಶ್ರಮದ ಯಾವ ಮುದುಕಿಯ ಚಹಾಕ್ಕೆ ಎಷ್ಟು ಸಕ್ಕರೆ, ಯಾರ ಮಗ ಯಾವ ಊರಿನಲ್ಲಿ ಎಂಬುದೆಲ್ಲ ಬಾಯಿಪಾಠ.

ಎರಡು ಸಲ ನೆನಪಿಸಿದಳು. ಒಮ್ಮೆ ಕೆಲಸದ ಒತ್ತಡ ಅಂದೆ. ಇನ್ನೊಮ್ಮೆ, ಆಫೀಸಿನ ನಿಯಮದ ಪ್ರಕಾರ ನಾವು ಇಂಥದ್ದು ಬರೆಯುವಂತಿಲ್ಲ ಅಂದೆ. ಅಂಥ ನಿಯಮವೇ ಇರಲಿಲ್ಲ. "ಇರ್ಲಿ ಬಿಡ್ರಿ ಅಣ್ಣಾರ" ಎಂದಳು. ಆಮೇಲೆ ಕೇಳಲಿಲ್ಲ.

ಕೇಳಿದವಳು ಅವ್ವ. "ಬರದು ಕೊಟ್ಟೇನಪಾ?"

"ಕೊಟ್ಟೆ."

ವೀಸಾ ಕಚೇರಿಯವರು ಇನ್ನಷ್ಟು ಪುರಾವೆ ಕೇಳಿದರು, ಅರ್ಜಿ ತಿಂಗಳುಗಟ್ಟಲೆ ಎಳೆಯಿತು. ನನ್ನ ಒಂದು ಪುಟದಿಂದ ಬೇಗ ಆಗುತ್ತಿತ್ತೇ? ಗೊತ್ತಿಲ್ಲ. ಹೆರಿಗೆಯ ದಿನ ಶಾಹೀನಳ ಕೈ ಹಿಡಿದು ನಿಂತವಳು ಅವಳ ಜೊತೆ ಕೆಲಸ ಮಾಡುವ ಸಮೋವಾದ ನರ್ಸು. ಇರ್ಫಾನ್ ಬಂದಾಗ ಮಗುವಿಗೆ ಮೂರು ತಿಂಗಳು.

ಬಂದ ವಾರವೇ ಮೂವರೂ ನಮ್ಮ ಮನೆಗೆ ಬಂದರು. ಅವ್ವ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ನನ್ನ ಕಡೆ ಹೆಮ್ಮೆಯಿಂದ ನೋಡಿ, "ಇಂವ ಬರದು ಕೊಟ್ಟ ಪತ್ರ ಕೆಲಸಕ್ಕ ಬಂತಿಲ್ಲೊ?" ಎಂದು ಕೇಳಿಬಿಟ್ಟಳು.

ಅರ್ಜಿಗೆ ಒಂದೊಂದು ಕಾಗದವನ್ನೂ ತಾನೇ ಜೋಡಿಸಿದ್ದವಳು ಶಾಹೀನ್. ಅವಳು ನನ್ನ ಮುಖ ನೋಡಿದಳು. ಆಮೇಲೆ ಅವ್ವನ ಮುಖ.

"ಬಂತ್ರಿ ಅವ್ವಾರ. ಭಾಳ ಉಪಕಾರ ಆತ್ರಿ."

ನಾನು ಚಹಾ ಮಾಡುವ ನೆಪದಲ್ಲಿ ಒಳಗೆ ಹೋದೆ. ಆ ವರ್ಷವೇ ಅವರು ದೂರದ ಅಪ್ಪರ್ ಹಟ್‌ಗೆ ಹೋದರು. ಅವ್ವ ಊರಿಗೆ ಮರಳಿದಳು.

ಮೊನ್ನೆ ಸಂಜೆ ಮನೆಗೆ ಬಂದು ಅವ್ವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ನನಗ್ಯಾಕ ಹೇಳ್ತಿ? ಆಕೀಗೆ ಹೇಳು" ಎಂದು ಶಾಹೀನಳ ನಂಬರು ಕೊಟ್ಟಳು. ಇಷ್ಟು ವರ್ಷ ಇಬ್ಬರೂ ಮಾತಾಡುತ್ತಲೇ ಇದ್ದರಂತೆ.

ಮರುದಿನ ಮಧ್ಯಾಹ್ನದ ಬಿಡುವಿನಲ್ಲಿ ಧೈರ್ಯ ಮಾಡಿ ಅವಳಿಗೆ ಫೋನ್ ಮಾಡಿದೆ. "ಆಫೀಸಿನ ನಿಯಮ ಅಂದದ್ದು ಸುಳ್ಳಮ್ಮಾ" ಎಂದೆ.

"ಗೊತ್ತೈತ್ರಿ. ಯಾಕ ಬರೀಲಿಲ್ರಿ ಅಣ್ಣಾರ?"

"ಅಂಜಿದೆ" ಎಂದೆ.

"ಸರಕಾರಕ್ಕೇನ್ರಿ?"

"ಅದಕ್ಕೂ. ನಿಮಗೂ."

"ನಮಗ?" ಎಂದಳು. ಹಿಂದೆ ಮಗು ಏನೋ ಕೇಳುತ್ತಿತ್ತು. ಅದಕ್ಕೆ ಅಪ್ಪಟ ಇಳಕಲ್ಲಿನ ಕನ್ನಡದಲ್ಲಿ "ತಡಿಯವ್ವಾ" ಎಂದಳು. ಮಗುವೂ ಕನ್ನಡದಲ್ಲೇ ಹಟ ಮಾಡಿತು. ನಂತರ ನನಗೆ, "ಡ್ಯೂಟಿಗೆ ಹೊತ್ತಾತ್ರಿ. ಇಡ್ತೀನಿ" ಎಂದಳು.

ಕ್ಷಮಿಸಿದೆ ಅನ್ನಲಿಲ್ಲ. ಕ್ಷಮಿಸು ಎಂದು ನಾನೂ ಕೇಳಿರಲಿಲ್ಲವೆಂಬುದು ಆಮೇಲೆ ಹೊಳೆಯಿತು. ಈ ಶನಿವಾರದ ಊಟ ನಮ್ಮ ಮನೆಯಲ್ಲಿ. ಯುರೋಪಿನ ಮಾತು ಬಂದೇ ಬರುತ್ತದೆ. ಅಲ್ಲಿ ಮೊದಲು ನಾನು ಮಾಡಿದ್ದನ್ನು ಹೇಳಬೇಕು ಎಂದುಕೊಂಡಿದ್ದೇನೆ.