ಮೊದಲು ನೀವು ತಿನ್ನಿ

ಕಿಟಕಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಸ್ಪತ್ರೆಯ ನಾಲ್ಕನೇ ಮಹಡಿಯಲ್ಲಿ ಊಟದ ತಳ್ಳುಗಾಡಿ ನಿಂತಿದೆ. ವಾರ್ಡಿನ ಬಾಗಿಲು ಇನ್ನೂ ದೂರವಿರುವಾಗಲೇ ಬಡಿಸುವ ಅಕ್ಕ ಪಾತ್ರೆಗಳ ಮುಚ್ಚಳವನ್ನೆಲ್ಲ ತೆಗೆದಿಟ್ಟು, ಆವಿ ಹೋಗಲೆಂದು ಕಾಯುತ್ತಾರೆ. "ಬಿಸಿ ವಾಸನೆ ಮೂಗಿಗೆ ಬಡಿದರೆ ಇವರಿಗೆ ಹೊಟ್ಟೆ ತೊಳಸುತ್ತೆ. ಅದು ಇಲ್ಲೇ ಗೋಡೆಗೆ ಬಡೀಲಿ. ಗೋಡೆ ವಾಂತಿ ಮಾಡಲ್ಲ."

ಇಲ್ಲಿರುವ ಹೆಚ್ಚಿನವರಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ಜಠರದ ಹಿಂದೆ ಅಡಗಿ ಕೂತು, ತಿಂದದ್ದನ್ನು ಅರಗಿಸಲು ನೆರವಾಗುವ ಅಂಗ ಅದು. ಅದು ಕೆಟ್ಟರೆ ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತೆ ಆಗುತ್ತದೆ; ತಿಂದದ್ದೂ ಮೈಗೆ ಹತ್ತುವುದಿಲ್ಲ. ಅದಕ್ಕೆಂದು ವೈದ್ಯರು ಕೊಡುವ ಗುಳಿಗೆ ಮೊದಲ ತುತ್ತಿನ ಜೊತೆಗೇ ಒಳಗೆ ಹೋಗಬೇಕು. ಊಟವಾದ ಮೇಲೆ ನುಂಗುವುದೆಂದರೆ ಮಳೆ ನಿಂತ ಮೇಲೆ ಕೊಡೆ ಬಿಚ್ಚಿದ ಹಾಗೆ. ರೋಗಿಯ ಕೈಯಲ್ಲಿ ಗುಳಿಗೆ ಕಾಣದೆ ಅಕ್ಕನ ಸೌಟು ಏಳುವುದಿಲ್ಲ.

ಇದಕ್ಕೆ ಮೊದಲು ಅಕ್ಕ ಹಾಸ್ಟೆಲ್ ಒಂದರ ಅಡುಗೆಮನೆಯಲ್ಲಿದ್ದರು. ಗಂಡ ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಆ ಸೌಟಿನ ಬಲದ ಮೇಲೇ ಬೆಳೆಸಿದರು. ಈಗ ಮಂಡಿ ನೋವು. ಆದರೂ ದಿನಕ್ಕೆ ಆರು ಸಲ ಗಾಡಿ ತಳ್ಳುತ್ತಾರೆ, ಪ್ರತಿ ಸಲವೂ ಸ್ವಲ್ಪ ಸ್ವಲ್ಪವೇ ಬಡಿಸುತ್ತಾರೆ. "ಹಾಸ್ಟೆಲ್‌ನಲ್ಲಿ ಹುಡುಗರು ನನ್ನ ಹಿಂದೆ ಬೀಳ್ತಿದ್ರು. ಇಲ್ಲಿ ನಾನೇ ಇವರ ಹಿಂದೆ ಬೀಳ್ತೀನಿ. ಸೌಟು ಅದೇ."

ಈ ವಾರ ಅಕ್ಕನಿಗೆ ಮೂಲೆ ಹಾಸಿಗೆಯ ಬಸ್ ಕಂಡಕ್ಟರದೇ ಚಿಂತೆ. ಗುರುವಾರ ತೂಕ ನೋಡುತ್ತಾರೆ. ಇನ್ನೂ ಇಳಿದಿದ್ದರೆ ಮುಂದಿನ ಸುತ್ತಿನ ಕೀಮೋ ಔಷಧಿ ಮುಂದಕ್ಕೆ ಹೋಗುತ್ತದೆ ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ಅಂದಿನಿಂದ ಕಂಡಕ್ಟರ ಹೆಂಡತಿ ಚಮಚ ಹಿಡಿದು ಕಾವಲು ಕೂತಿದ್ದಾರೆ. ಒಂದು ತುತ್ತು, ಇನ್ನೊಂದೇ ತುತ್ತು, ನನ್ನಾಣೆ. ಅವರೋ ಗೋಡೆ ಕಡೆ ತಿರುಗಿ ಮಲಗಿ, ಹೆಂಡತಿಯ ಜೊತೆ ಮಾತನ್ನೇ ಬಿಟ್ಟಿದ್ದಾರೆ. ಅಕ್ಕನ ಹತ್ತಿರ ಮಾತ್ರ ಹಳೇ ಗತ್ತು.

"ಬಸ್ಸು ಫುಲ್ ಅಕ್ಕ. ಒಳಗೆ ಸೀಟಿಲ್ಲ."

"ನಿಂತ್ಕೊಂಡು ಬರೋರು ಇದ್ದಾರೆ. ಇಬ್ಬರನ್ನ ಹತ್ತಿಸ್ಕೊಳ್ಳಿ."

ನಗು ಬರುತ್ತದೆ. ತುತ್ತು ಮಾತ್ರ ಹೋಗುವುದಿಲ್ಲ.

ಮಂಗಳವಾರ ಬೆಳಿಗ್ಗೆ ಅಕ್ಕನ ಕಣ್ಣಿಗೆ ಬೇರೆಯೇ ಒಂದು ಸಂಗತಿ ಬೀಳುತ್ತದೆ. ಹೆಂಡತಿ ಹಿಂದಿನ ದಿನ ಕ್ಯಾಂಟೀನಿನಿಂದ ತನಗೆಂದು ತಂದ ಬನ್ನು ಕಾಗದದಲ್ಲಿ ಸುತ್ತಿದ್ದು ಸುತ್ತಿದ ಹಾಗೇ ಇದೆ. ಅಕ್ಕ ಕಂಡಕ್ಟರ ತಟ್ಟೆಯನ್ನು ಪಕ್ಕಕ್ಕೆ ಸರಿಸುತ್ತಾರೆ. ಹಿಂದಿನ ಸಂಜೆ ಮನೆಗೆ ಹೋದ ರೋಗಿಯೊಬ್ಬರ ಲೆಕ್ಕದಲ್ಲಿ ಬಂದ ಆಮ್ಲೆಟ್ ಗಾಡಿಯಲ್ಲಿ ಉಳಿದಿದೆ. ಅದನ್ನು ಹೆಂಡತಿಯ ಮುಂದಿಟ್ಟು, ಮೊದಲು ನೀವು ತಿನ್ನಿ ಎನ್ನುತ್ತಾರೆ. ಇವರಿಗೇ ಸೇರದಿದ್ದ ಮೇಲೆ ನನಗೆ ಹೇಗೆ ಇಳಿಯುತ್ತೆ ಎಂದು ಆಕೆ ಕಣ್ಣು ಒರೆಸಿಕೊಳ್ಳುತ್ತಾರೆ.

"ನೀವು ಹಸಿದುಕೊಂಡು ಅವರ ಬಾಯನ್ನೇ ನೋಡ್ತಾ ಕೂತರೆ ಅದು ಊಟ ಅಲ್ಲ ತಾಯಿ, ಪರೀಕ್ಷೆ. ಯಾರಿಗೆ ತಾನೇ ಗಂಟಲಲ್ಲಿ ಇಳಿಯುತ್ತೆ?"

ಮೊದಲ ಚೂರು ಅಳುತ್ತಲೇ ಹೋಗುತ್ತದೆ. ಆಮೇಲೆ ಹಸಿವು ತನ್ನ ಕೆಲಸ ಮಾಡುತ್ತದೆ. ಆಕೆ ಗಬಗಬನೆ ತಿನ್ನುವುದನ್ನು ಕೇಳಿಸಿಕೊಂಡು ಕಂಡಕ್ಟರು ಗೋಡೆ ಬಿಟ್ಟು ಈ ಕಡೆ ಹೊರಳುತ್ತಾರೆ.

"ಉಪ್ಪು ಸರಿಯಾಗಿದ್ಯಾ?"

"ಕಮ್ಮಿ," ಎನ್ನುತ್ತಾರೆ ಆಕೆ, ತುಂಬಿದ ಬಾಯಲ್ಲೇ.

"ಕೊಡು, ನೋಡೋಣ."

ಚೂರಿಗಿಂತ ಮೊದಲು ಗುಳಿಗೆಯನ್ನು ಅವರ ಕೈಗಿಡುವುದು ಅಕ್ಕನಿಗೆ ಮರೆಯುವುದಿಲ್ಲ. ಕಾಲು ಭಾಗ ಆಮ್ಲೆಟ್ ಹೋಗುತ್ತದೆ. ಇನ್ನೊಂದು ತಿನ್ನಿ ಎಂದು ಯಾರೂ ಹೇಳುವುದಿಲ್ಲ.

ಗುರುವಾರ ತೂಕ ಏರಿಲ್ಲ, ಇಳಿದೂ ಇಲ್ಲ. ಔಷಧಿ ಗೊತ್ತುಮಾಡಿದ ದಿನವೇ ಎಂದು ಡಾಕ್ಟರು ಒಪ್ಪುತ್ತಾರೆ. ಕಾಯಿಲೆ ಎಲ್ಲಿಗೂ ಹೋಗಿಲ್ಲ. ದಾರಿ ಇನ್ನೂ ಇದೆ. ಆದರೆ ಹೆಂಡತಿ ಅಕ್ಕನ ಬಳಿ ಬಂದಿರುವುದು ಬೇರೆ ದೂರು ಹೊತ್ತು. ಇವರು ನನ್ನ ಪಾಲಿನಲ್ಲಿ ದೊಡ್ಡ ಚೂರು ಎತ್ತಿಕೊಂಡಿದ್ದೂ ಅಲ್ಲದೆ, ಅಗಿಯುವಾಗ ಸದ್ದು ಮಾಡುತ್ತೀಯ ಅಂತ ನನ್ನನ್ನೇ ಬೈದರು ಎನ್ನುತ್ತಾರೆ. ದೂರು ಹೇಳುವ ಮುಖದಲ್ಲಿ ಎರಡು ವಾರದಲ್ಲಿ ಕಾಣದ ಕಳೆ.

ನಿಮಗೇನು ಬೇಕು ಎಂದು ಯಾರಾದರೂ ಕೇಳಿದರೆ ಅಕ್ಕ ಗಾಡಿ ಒರೆಸುತ್ತಲೇ ಹೇಳುತ್ತಾರೆ: "ವಾಸಿ ಮಾಡೋದು ಡಾಕ್ಟರ ಕೆಲಸ. ಪಕ್ಕದಲ್ಲಿ ಕೂತಿರೋರಿಗೂ ಒಂದು ಪಾಲು ಕಳಿಸಿ ಅಂತ ಅಡುಗೆಮನೆಯವರನ್ನ ಕೇಳಿದ್ದೀನಿ. ನೋಡೋಣ ಅಂದಿದ್ದಾರೆ. ನಾಳೆನೂ ಕೇಳ್ತೀನಿ."