ಮಗ್ಗದಲ್ಲಿ ಮಲಗಿದ ಶಿಲುಬೆ

ನನ್ನ ಬಲಗಾಲು ಮೂರನೆಯ ವಯಸ್ಸಿನಲ್ಲೇ ಪೋಲಿಯೋಗೆ ಹೋಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಓದುವವರು ಅದು ಎಲ್ಲೋ ಒಂದು ಕಡೆ ಸರಿಹೋಗುತ್ತದೇನೋ ಎಂದು ಕೊನೆಯವರೆಗೂ ಕಾಯುವುದು ಬೇಡ. ಸರಿಹೋಗಲಿಲ್ಲ. ಚಿಕ್ಕಂದಿನಲ್ಲಿ ನಮ್ಮ ಚರ್ಚಿಗೆ ಬಂದ ಪರವೂರಿನ ಬೋಧಕರೆಲ್ಲ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಜೋರಾಗಿ ಪ್ರಾರ್ಥಿಸುತ್ತಿದ್ದರು. ಒಬ್ಬರು ‘ಏಳು!’ ಎಂದು ಗದರಿಸಿದಾಗ ಹೆದರಿ ಒಂಟಿಕಾಲಲ್ಲೇ ಎದ್ದು ನಿಂತೆ. ಅವರು ಸಂತೋಷದಿಂದ ಬಸ್ಸು ಹತ್ತಿದರು. ನಾನು ಹಾಗೆಯೇ ಗೋಡೆ ಹಿಡಿದು ಕುಳಿತುಕೊಂಡೆ. ಆಮೇಲೆ ಯಾರಾದರೂ ಕೈಯಿಡಲು ಬಂದರೆ, ‘ಕಾಲಿನ ವಿಷಯ ನಾನೂ ದೇವರೂ ಮಾತಾಡಿ ಮುಗಿಸಿದ್ದೇವೆ, ನೀವು ಮಳೆಗೆ ಪ್ರಾರ್ಥನೆ ಮಾಡಿ’ ಎನ್ನುತ್ತಿದ್ದೆ. ಸೊಕ್ಕಿನ ಹುಡುಗ ಎಂದು ಹೆಸರು ಬಂತು. ಅದು ಸುಳ್ಳೇನೂ ಅಲ್ಲ.

ನಮ್ಮದು ತಮಿಳುನಾಡಿನ ಮಡತ್ತುಕುಳಂ ಹತ್ತಿರದ ನೇಕಾರರ ಕೇರಿ. ಯಾವ ತಲೆಮಾರಿನಲ್ಲೋ ಕನ್ನಡ ನಾಡಿನಿಂದ ಬಂದವರು. ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ನಾನು ಕಲಿತದ್ದು ಮೂವತ್ತು ದಾಟಿದ ಮೇಲೆ. ಕಾಯಿಲೆಯಲ್ಲಿ ನನ್ನನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋದ ಅಮ್ಮ, ಅಲ್ಲಿಯ ನರ್ಸಮ್ಮ ಹೇಳಿದ ಯೇಸುವನ್ನೂ ಜೊತೆಗೇ ಎತ್ತಿಕೊಂಡು ಬಂದಳು. ಅಪ್ಪ ಮಾತ್ರ ಬದಲಾಗಲಿಲ್ಲ. ‘ನನಗೆ ನನ್ನ ಸಾಮಿ, ನಿಮಗೆ ನಿಮ್ಮ ಸಾಮಿ’ ಎಂದು ಒಂದೇ ಮಾತಿನಲ್ಲಿ ತೀರ್ಮಾನ ಮಾಡಿದ್ದ. ಆದರೆ ಪ್ರತಿ ಭಾನುವಾರ ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿ, ಎರಡು ಊರುಗೋಲುಗಳನ್ನು ಸೈಕಲ್ಲಿನ ನಡುಗಂಬಿಗೆ ಕಟ್ಟಿ, ಚರ್ಚಿನವರೆಗೆ ತುಳಿಯುತ್ತಿದ್ದವನು ಅವನೇ. ನಮ್ಮನ್ನು ಒಳಗೆ ಬಿಟ್ಟು ಅಂಗಳದ ಬೇವಿನ ಮರದಡಿ ಬೀಡಿ ಹಚ್ಚಿ ಕೂರುತ್ತಿದ್ದ. ಹದಿನೈದು ವರ್ಷ ಅವನು ಆ ಹೊಸಿಲು ದಾಟಿರಲಿಲ್ಲ.

ನನಗೆ ಚರ್ಚೆಂದರೆ ಹಬ್ಬ. ಕೇರಿಯಲ್ಲಿ ನಾನು ‘ಪಾಪ, ಆ ಹುಡುಗ’. ಚರ್ಚಿನಲ್ಲಿ ಹಾಡು ಶುರುವಾದರೆ ಎರಡನೆಯ ಸಾಲಿನಿಂದಲೇ ಎಲ್ಲರ ದನಿಯನ್ನೂ ಎಳೆದುಕೊಂಡು ಹೋಗುವವನು. ದೇವರು ಕಾಲಿನಲ್ಲಿ ಉಳಿಸಿಕೊಂಡದ್ದನ್ನು ಗಂಟಲಿನಲ್ಲಿ ಕೊಟ್ಟಿದ್ದ. ಪ್ರಾರ್ಥನೆಯೆಲ್ಲ ತಮಿಳಿನಲ್ಲಿ ಮಾಡುತ್ತಿದ್ದೆ, ಅವನ ಜೊತೆ ಜಗಳವಾಡುವುದಿದ್ದರೆ ಮನೆಯ ಕನ್ನಡದಲ್ಲಿ.

ಒಂದೇ ಒಂದು ಜಗಳ ಬಾಕಿ ಇತ್ತು. ಅದು ಬೆಳೆಹಬ್ಬದ್ದು. ಅಮರಾವತಿ ಹೊಳೆಯ ನೀರಿನ ಭತ್ತ ಮನೆ ಸೇರಿದ ಮೇಲೆ ಬರುವ ಆ ಭಾನುವಾರ, ಪ್ರತಿಯೊಬ್ಬರೂ ತಮ್ಮ ಕೈಕೆಲಸದ್ದನ್ನೋ ಹೊಲದ್ದನ್ನೋ ಬಾಗಿಲಿನಿಂದ ಬಲಿಪೀಠದವರೆಗೆ ತಾವೇ ಹೊತ್ತು ನಡೆಯಬೇಕು. ತೆಂಗಿನಕಾಯಿ, ಕುಂಬಳಕಾಯಿ, ಕಾಲು ಕಟ್ಟಿದ ಹುಂಜ, ಏನಾದರೂ ಸರಿ. ಮಕ್ಕಳು ಕೂಡ ಒಂದು ಮೊಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಹೋಗುತ್ತಿದ್ದರು. ನನ್ನ ಎರಡು ಕೈಯೂ ಊರುಗೋಲಿಗೇ ಬೇಕಾಗಿದ್ದರಿಂದ, ನಾನು ಸುತ್ತಿದ ನೂಲಿನ ಉಂಡೆಗಳನ್ನು ಪ್ರತಿ ವರ್ಷ ಚರ್ಚಿನ ಗಂಟೆ ಹೊಡೆಯುವ ತಾತ ತೆಗೆದುಕೊಂಡು ಹೋಗಿ ಇಡುತ್ತಿದ್ದ. ನಾನು ಬೆಂಚಿನಲ್ಲೇ ಕುಳಿತು ನೋಡಬೇಕು. ತಾತ ಒಳ್ಳೆಯವನು. ಆದರೂ ಆ ದಿನ ಮಾತ್ರ ಅವನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹತ್ತೊಂಬತ್ತು ತುಂಬಿದ ವರ್ಷ ಹಟ ಹಿಡಿದೆ. ನೂಲು ಸುತ್ತುವುದು ಸಾಕು, ನಾನೇ ಒಂದು ಬಟ್ಟೆ ನೇಯುತ್ತೇನೆ, ನಾನೇ ಹೊತ್ತುಕೊಂಡು ಹೋಗಿ ಇಡುತ್ತೇನೆ ಎಂದೆ. ಹೇಗೆ ಹೊರುತ್ತೀಯ ಎಂದು ಅಮ್ಮ ಕೇಳಿದಳು. ಕುತ್ತಿಗೆಗೆ ಚೀಲ ಕಟ್ಟಿಕೊಂಡು ಎಂದೆ. ಬಲಿಪೀಠದ ಹಿಂದಿನ ಗೋಡೆಯಲ್ಲಿ ಎರಡು ಕಿಟಕಿಗಳ ನಡುವೆ ಮಳೆನೀರು ಇಳಿದು ಒಂದು ದೊಡ್ಡ ಕಲೆಯಾಗಿತ್ತು. ಅಲ್ಲಿಗೆ ಮೇಲಿನಿಂದ ಕೆಳಗೆ ತೂಗುಬಿಡಲು ಒಂದು ಉದ್ದನೆಯ ಬಟ್ಟೆ ಸಿಕ್ಕರೆ ಚೆನ್ನ ಎಂದು ಪಾದ್ರಿಗಳ ಹೆಂಡತಿ ಹೇಳುತ್ತಲೇ ಇದ್ದರು. ಅದನ್ನೇ ಒಪ್ಪಿಕೊಂಡೆ. ನಡುವೆ ಒಂದು ಕೆಂಪು ಶಿಲುಬೆ ಇರುತ್ತದೆ ಎಂದೂ ಮಾತು ಕೊಟ್ಟೆ.

ನಮ್ಮದು ಗುಂಡಿ ಮಗ್ಗ. ನೇಯುವವನು ಗುಂಡಿಯೊಳಗೆ ಕಾಲು ಇಳಿಬಿಟ್ಟು ಎರಡು ಹಲಗೆಗಳನ್ನು ಎರಡು ಕಾಲಿನಿಂದ ಒಂದಾದ ಮೇಲೊಂದು ತುಳಿಯಬೇಕು. ಅಪ್ಪ ಗುಂಡಿಗೆ ಇಳಿದು, ಎರಡು ಹಲಗೆಗಳನ್ನೂ ಒಂದಕ್ಕೊಂದು ತಾಗುವಷ್ಟು ಹತ್ತಿರ ಕಟ್ಟಿದ. ನನ್ನ ಎಡಗಾಲೊಂದೇ ಅತ್ತ ಇತ್ತ ಕುಣಿದರೆ ಸಾಕು. ಕೊನೆಯ ಸೀರೆ ಕತ್ತರಿಸಿದ ಮೇಲೆ ಮಗ್ಗದಲ್ಲಿ ಎರಡು ಗಜದಷ್ಟು ಇನ್ನೂ ನೇಯದ ಬಿಳಿ ಹಾಸುನೂಲು ಉಳಿದಿತ್ತು. ಅದೇ ನನ್ನ ಪಾಲಿಗೆ ಬಂತು. ಎರಡು ವಾರ ತುಳಿದೆ. ರಾತ್ರಿ ಮಲಗಿದರೆ ಎಡಗಾಲು ನಿದ್ದೆಯಲ್ಲೂ ಕುಣಿಯುತ್ತಿತ್ತಂತೆ. ನಡುವಿಗೆ ಬಂದಾಗ ಕೆಂಪು ನೂಲನ್ನು ಕೈಯಿಂದಲೇ ಎಳೆ ಎಳೆಯಾಗಿ ಕೋದು ಶಿಲುಬೆ ಎಬ್ಬಿಸಿದೆ. ಮೊದಲು ಒಂದು ತೋಳು, ಆಮೇಲೆ ಮೊಳದುದ್ದದ ನಡುಕಂಬ, ಕೊನೆಗೆ ಇನ್ನೊಂದು ತೋಳು. ಅಪ್ಪ ಬಂದು ಬೆರಳಿನಿಂದ ಸವರಿ, ‘ಅಂಚು ಎಲ್ಲೂ ಸೊಟ್ಟ ಆಗಿಲ್ಲ’ ಎಂದ. ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಹಬ್ಬದ ಬೆಳಿಗ್ಗೆ ಚರ್ಚಿನ ಜಗುಲಿಯಲ್ಲಿ ಪಾದ್ರಿಗಳ ಹೆಂಡತಿ ಆಸೆಯಿಂದ ಬಟ್ಟೆಯನ್ನು ಬಿಚ್ಚಿ, ಗೋಡೆಗೆ ಹೇಗೆ ಕಾಣುತ್ತದೆಂದು ಮೇಲಿನ ತುದಿ ಹಿಡಿದು ಉದ್ದಕ್ಕೆ ಇಳಿಬಿಟ್ಟರು. ಶಿಲುಬೆ ಅಡ್ಡಡ್ಡ ಮಲಗಿತ್ತು.

ತಲೆಕೆಳಗು ಮಾಡಿದರು. ಆಗಲೂ ಮಲಗಿಯೇ ಇತ್ತು, ಮಗ್ಗುಲು ಮಾತ್ರ ಬದಲಾಗಿತ್ತು. ಹಿಂದಿನಿಂದ ಯಾರೋ ಕಿಸಕ್ಕೆಂದರು. ‘ಪಾಪ, ಅವನ ಹಾಗೇ ಅದಕ್ಕೂ ನಿಲ್ಲೋಕೆ ಆಗೋದಿಲ್ಲ’ ಎಂದು ಒಂದು ಹೆಂಗಸಿನ ದನಿ ತಮಿಳಿನಲ್ಲಿ ಪಿಸುಗುಟ್ಟಿತು. ಪಾದ್ರಿಗಳ ಹೆಂಡತಿ, ‘ಪರವಾಯಿಲ್ಲೆ ತಂಬಿ, ಮುಂದಿನ ವರ್ಷ ನೋಡೋಣ’ ಎಂದು ಮಡಚತೊಡಗಿದರು. ತಾತ ಎಂದಿನಂತೆ ಕೈ ಚಾಚಿಕೊಂಡು ಬಂದ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹದಿನೈದು ವರ್ಷದಲ್ಲಿ ಮೊದಲ ಸಲ ಚರ್ಚಿನಿಂದ ಎದ್ದು ಮನೆಗೆ ಓಡಬೇಕು ಅನ್ನಿಸಿತು, ಅದೂ ನನ್ನಿಂದ ಆಗದ ಕೆಲಸ. ಒಳಗೊಳಗೇ ಕನ್ನಡದಲ್ಲಿ ದೇವರನ್ನು ಕೇಳಿದೆ: ‘ಇಷ್ಟು ಸಾಲದಾಗಿತ್ತಾ ನಿನಗೆ? ಇದನ್ನೂ ಮಲಗಿಸಬೇಕಿತ್ತಾ?’

ನಗು ಕೇಳಿಸಿತೋ ಏನೋ, ಅಪ್ಪ ಬೀಡಿ ಎಸೆದು ಬೇವಿನ ಮರದಡಿಯಿಂದ ಎದ್ದು ಬಂದ.

‘ಏನ್ಡಾ ಆಯ್ತು?’

‘ಶಿಲುಬೆ ಮಲಗ್ಬಿಟ್ಟದೆ ಅಪ್ಪಾ. ತಪ್ಪು ನೇಯ್ದ್ಬಿಟ್ಟೆ.’

ಅವನು ಬಟ್ಟೆಯನ್ನು ಪಾದ್ರಿಗಳ ಹೆಂಡತಿಯ ಕೈಯಿಂದ ತೆಗೆದುಕೊಂಡು ಒಂದು ಗಳಿಗೆ ನೋಡಿದ. ಆಮೇಲೆ ನಕ್ಕ. ಅಣಕಿಸುವ ನಗುವಲ್ಲ, ತನ್ನ ತಪ್ಪನ್ನು ತಾನೇ ಹಿಡಿದವನ ನಗು.

‘ಇದು ಸೀಲೆ ಬುಟ್ಟಾ ಡಾ! ನೀ ಮಾತ್ರ ಅಲ್ಲ, ನಾನೂ ದಿನಾ ನೋಡ್ದೆ, ನನಗೂ ತಿಳೀಲಿಲ್ಲ. ಬುಟ್ಟಾ ಅಂದ್ರೆ ಮಗ್ಗದಾಗೆ ಮಲಗ್ತದೆ, ಮೈಮೇಲೆ ಬಂದ್ರೆ ಏಳ್ತದೆ. ನಮ್ ಕಣ್ಣು ಅದಕ್ಕೇ ಪಳಗಿಹೋಗದೆ.’

ಆಗ ನನಗೂ ಹೊಳೆಯಿತು. ಸೀರೆಯನ್ನು ಉಡುವುದು ಅಡ್ಡಕ್ಕೆ ಸುತ್ತಿ. ಅದಕ್ಕೇ ಅದರ ಬುಟ್ಟಾಗಳನ್ನು, ಹೂವು, ಬಳ್ಳಿ, ನವಿಲು ಎಲ್ಲವನ್ನೂ ನಮ್ಮ ಮನೆಗಳಲ್ಲಿ ಮಲಗಿಸಿಯೇ ನೇಯುತ್ತಾರೆ. ಹುಟ್ಟಿದಾಗಿನಿಂದ ಮಲಗಿದ ನವಿಲುಗಳನ್ನೇ ನೋಡಿ ಬೆಳೆದ ನಮಗೆ, ಮಲಗಿದ ಶಿಲುಬೆ ನೆಟ್ಟಗಿದ್ದಂತೆಯೇ ಕಂಡಿತ್ತು. ಗೋಡೆಗೆ ತೂಗುವ ಬಟ್ಟೆಯನ್ನು ನಮ್ಮ ಕೇರಿಯಲ್ಲಿ ಯಾರು ನೇಯ್ದಿದ್ದರು?

ಅಪ್ಪ ಮುಂದೆ ಮಾಡಿದ್ದು ನೇಕಾರರು ದಿನವೂ ಮಾಡುವ ಕೆಲಸ. ಕೊಳ್ಳುವವರು ಬಂದಾಗ ಸೀರೆಯ ಅಂದ ತೋರಿಸಲು ಹತ್ತಿರ ಇದ್ದವರ ಹೆಗಲಿಗೆ ಅದನ್ನು ಹೊದಿಸುತ್ತಾರಲ್ಲ, ಹಾಗೆ ಬಟ್ಟೆಯನ್ನು ಕೊಡವಿ ಅಡ್ಡಕ್ಕೆ ಹಿಡಿದು ನನ್ನ ಎರಡು ಹೆಗಲಿಗೂ ಹೊದಿಸಿಬಿಟ್ಟ. ಎರಡು ಸೆರಗನ್ನೂ ಮುಂದೆ ತಂದು ಎದೆಯ ಹತ್ತಿರ ಅಮ್ಮನ ಪಿನ್ನು ಚುಚ್ಚಿದ. ನನ್ನ ಬೆನ್ನ ಕಡೆ ನಿಂತಿದ್ದ ಅಮ್ಮ ‘ಯೇಸಪ್ಪಾ!’ ಎಂದು ಕೂಗಿದಳು. ಪಾದ್ರಿಗಳ ಹೆಂಡತಿ ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡರು. ನನ್ನ ಬೆನ್ನಿನ ಮೇಲೆ ಶಿಲುಬೆ ಎದ್ದು ನಿಂತಿತ್ತು.

ನನ್ನ ಎರಡು ಕೈಯೂ ಖಾಲಿ ಇದ್ದವು, ಊರುಗೋಲಿಗೆ.

‘ಈಗ ನಡೀಡಾ’ ಎಂದ ಅಪ್ಪ.

ತಾತನಿಗೆ, ‘ತಾತಾ, ಈ ವರ್ಷ ನೀವು ನಿಮ್ಮ ತೆಂಗಿನಕಾಯಿ ಮಾತ್ರ ಹೊತ್ತುಕೊಳ್ಳಿ’ ಎಂದೆ. ಅವನು ಬೊಚ್ಚುಬಾಯಿ ಬಿಟ್ಟು ನಕ್ಕು, ಗಂಟೆಯ ಹಗ್ಗಕ್ಕೆ ಓಡಿದ.

ಹುಂಜಗಳ ಹಿಂದೆ, ಕುಂಬಳಕಾಯಿಗಳ ಹಿಂದೆ ನಾನು ನಡೆದೆ. ಹಾಡು ಶುರುವಾಗಿತ್ತು. ಎರಡನೆಯ ಸಾಲಿಗೆ ನಾನೂ ಸೇರಿಕೊಂಡೆ, ಬಾಯಿ ಇರುವುದೇ ಅದಕ್ಕೆ. ಊರುಗೋಲಿನ ರಬ್ಬರು ಸವೆದುಹೋಗಿ ಸಿಮೆಂಟು ನೆಲದ ಮೇಲೆ ಟಕ್ ಟಕ್ ಎನ್ನುತ್ತಿತ್ತು. ಬೇರೆ ಭಾನುವಾರಗಳಲ್ಲಿ ಆ ಸದ್ದಿಗೆ ನಾಚಿ ಮೆಲ್ಲಗೆ ಊರುತ್ತಿದ್ದೆ. ಅವತ್ತು ತಾಳಕ್ಕೆ ಸರಿಯಾಗಿ, ಇಡೀ ಚರ್ಚಿಗೆ ಕೇಳುವ ಹಾಗೆ ಊರಿದೆ. ನಾನು ದಾಟಿದ ಸಾಲುಗಳಲ್ಲಿ ಹಾಡಿನ ದನಿ ಏರುತ್ತಿತ್ತು. ಅವರೆಲ್ಲ ನನ್ನ ಬೆನ್ನನ್ನು ನೋಡುತ್ತಿದ್ದಾರೆ ಎಂದು ಗೊತ್ತಿತ್ತು. ಜನ ನನ್ನ ಬೆನ್ನ ಹಿಂದೆ ನೋಡುವುದು ಹೊಸದೇನಲ್ಲ. ಆದರೆ ಅವರು ಕಾಲನ್ನು ನೋಡದೆ ಇದ್ದದ್ದು ಅದೇ ಮೊದಲು. ಇಷ್ಟು ಸಂತೋಷವನ್ನು ಎರಡು ಕಾಲಿನವರು ಹೇಗೆ ತಾಳಿಕೊಳ್ಳುತ್ತಾರೋ ಎಂದು ನನಗೆ ನಿಜವಾಗಿಯೂ ಅನ್ನಿಸಿತು.

ಬಲಿಪೀಠದ ಮುಂದೆ ನಿಂತು ಪಿನ್ನು ಬಿಚ್ಚಿದೆ. ಬಟ್ಟೆ ಜಾರಿ ನೆಲಕ್ಕೆ ಬೀಳುತ್ತದೆ ಎಂದುಕೊಂಡರೆ ಬೀಳಲಿಲ್ಲ. ಹಿಂದಿನಿಂದ ಯಾರೋ ಹಿಡಿದಿದ್ದರು. ತಾತನೇ ಇರಬೇಕೆಂದು ಸಿಟ್ಟು ಬಂದು ತಿರುಗಿದೆ. ಅಪ್ಪ ನಿಂತಿದ್ದ. ಬರಿಗಾಲಲ್ಲಿ, ಹೆಗಲ ಟವೆಲ್ಲನ್ನು ಸೊಂಟಕ್ಕೆ ಕಟ್ಟಿಕೊಂಡು. ಬಟ್ಟೆಯ ಕೆಳ ಅಂಚು ನನ್ನ ಕೋಲಿಗೆ ಸಿಕ್ಕಿಕೊಂಡೀತೆಂದು, ಬಾಗಿಲಿನಿಂದಲೂ ಅದನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದು ನನ್ನ ಹಿಂದೆಯೇ ನಡೆದು ಬಂದಿದ್ದ. ಹದಿನೈದು ವರ್ಷ ದಾಟದ ಹೊಸಿಲನ್ನು ಯಾವಾಗ ದಾಟಿದೆನೆಂದು ಅವನಿಗೇ ಗೊತ್ತಿರಲಿಲ್ಲ.

ಬಟ್ಟೆ ಗೋಡೆಗೆ ಹೋಗಲಿಲ್ಲ. ಪಾದ್ರಿಗಳು ಅದನ್ನು ಬಲಿಪೀಠದ ಮುಂಭಾಗಕ್ಕೆ ಅಡ್ಡಕ್ಕೆ ಕಟ್ಟಿಸಿದರು, ನಡುವೆ ಶಿಲುಬೆ ನೆಟ್ಟಗೆ. ಗೋಡೆಯ ಕಲೆ ಮಾತ್ರ ಹಾಗೆಯೇ ಉಳಿಯಿತು. ಅಪ್ಪ ಆಮೇಲೂ ತನ್ನ ಸಾಮಿಯನ್ನು ಬಿಡಲಿಲ್ಲ, ಬೇವಿನ ಮರದಡಿಯ ಬೀಡಿಯನ್ನೂ ಬಿಡಲಿಲ್ಲ. ಆ ದಿನ ಸೈಕಲ್ಲಿನ ಹಿಂದೆ ಕುಳಿತು ಮನೆಗೆ ಬರುವಾಗ ನಾನು ಕೇಳಿದೆ:

‘ನಾನೇ ನೇಯ್ದೆ, ನಾನೇ ಹೊತ್ತೆ. ನಡೀವಾಗ ಹೆಂಗಿತ್ತು ಅಂತ ನನಗೇ ಕಾಣ್ಲಿಲ್ಲ ಅಪ್ಪಾ. ನೆಟ್ಟಗಿತ್ತಾ?’

ಅವನು ತುಳಿಯುತ್ತಲೇ, ತಿರುಗಿ ನೋಡದೆ ಹೇಳಿದ:

‘ಬಾಗಿಲಿಂದ ಕೊನೇ ತನಕ ನಾನು ಅದನ್ನೇ ನೋಡ್ಕೊಂಡು ಬಂದೆ ಡಾ. ಒಂದು ಎಳೆ ಕೂಡ ಬಗ್ಗಲಿಲ್ಲ.’