ದೇವರ ಕೋಲಿಯಲ್ಲಿ ವಾರಕ್ಕೆ ಐದು ತಾಸು

ಬೆಳಕು ಹರಿಯುವುದರೊಳಗೆ ಶೈಲಜಾ ಮಾಡಿ ಮುಗಿಸಬೇಕಾದ ಕೆಲಸಗಳು: ಅಂಗಳ ಗುಡಿಸಿ, ನೀರು ಚಿಮುಕಿಸಿ, ನಾಲ್ಕೆಳೆ ರಂಗೋಲಿ ಹಾಕುವುದು. ನಳ ಬರುವ ದಿನವಾದರೆ ಎರಡು ಬ್ಯಾರಲ್ಲು, ಒಂದು ಹಂಡೆ, ಏಳು ಕೊಡ ತುಂಬಿಕೊಳ್ಳುವುದು. ಬಚ್ಚಲ ಒಲೆಗೆ ಹತ್ತಿಕಟ್ಟಿಗೆ ತುರುಕಿ ನೀರು ಕಾಯಿಸುವುದು, ಎಲ್ಲರಿಗಿಂತ ಮೊದಲು ತಾನು ಜಳಕ ಮಾಡುವುದು, ಏಕೆಂದರೆ ಜಳಕವಿಲ್ಲದೆ ಆ ಮನೆಯಲ್ಲಿ ಅಡುಗೆಯ ಒಲೆ ಮುಟ್ಟುವಂತಿಲ್ಲ. ಹಾಲು ಕಾಯಿಸುವುದು. ಮಾವನಿಗೆ ಸಕ್ಕರೆ ಹಾಕದ ಚಹಾ, ಗಂಡನಿಗೆ ಎರಡು ಚಮಚ ಹಾಕಿದ ಚಹಾ. ಮೊಸರು ಕಡೆಯುವುದು. ಜೋಳದ ಹಿಟ್ಟು ಸಾಣಿಸಿ ಬುಟ್ಟಿಗೆ ಹಾಕುವುದು. ಮಡಕಿಕಾಳಿನ ಪಲ್ಯಕ್ಕೆ ಒಗ್ಗರಣೆ ಕೊಡುವುದು. ಮಗ ಸಚಿನನ ಡಬ್ಬಿ ತೊಳೆದು ಒರೆಸಿ ಇಡುವುದು, ಅವನು ಹಿಂದಿನ ದಿನ ಅದನ್ನು ಚೀಲದಿಂದ ತೆಗೆದಿರುವುದಿಲ್ಲ. ಪೂಜೆಯ ತಂಬಿಗೆ, ಬಟ್ಟಲು ಬೆಳಗುವುದು. ಹೂ ಹರಿಯುವುದು.

ಈ ಪಟ್ಟಿಯಲ್ಲಿ ರೊಟ್ಟಿ ಇಲ್ಲ. ಹದಿನೆಂಟು ವರ್ಷ ಇತ್ತು. ಈಗ ಹದಿನಾಲ್ಕು ವಾರದಿಂದ ರೊಟ್ಟಿ ಬಡಿಯುತ್ತಿರುವವಳು ಅವಳ ಅತ್ತೆ ರಾಚವ್ವ. ವಯಸ್ಸು ಅರವತ್ತೆಂಟು. ಬೆಳಿಗ್ಗೆ ಆರಕ್ಕೆ ಒಮ್ಮೆ, ಸಂಜೆ ಏಳಕ್ಕೆ ಒಮ್ಮೆ ಸೊಸೆ ದೇವರ ಕೋಲಿಯ ಬಾಗಿಲು ಹಾಕಿಕೊಂಡು ಲಿಂಗಪೂಜೆಗೆ ಕೂರುತ್ತಾಳೆಂದು ನಂಬಿ, ಆ ಅರ್ಧರ್ಧ ತಾಸು ಅಡುಗೆಮನೆಯನ್ನು ತಾನು ಹಿಡಿದಿದ್ದಾಳೆ.

ಸೊಸೆ ಒಳಗೆ ಆಟ ಆಡುತ್ತಿರುತ್ತಾಳೆ.

ಅಂಗೈಯಗಲದ ಹಳೆಯ ವಿಡಿಯೋ ಗೇಮ್ ಅದು. ಹಳದಿ ಪ್ಲಾಸ್ಟಿಕ್ಕು, ಬೂದು ಪರದೆ, ಎರಡು ಪೆನ್ಸಿಲ್ ಸೆಲ್ಲು. ಮೇಲಿನಿಂದ ಇಟ್ಟಿಗೆಯಂಥ ತುಂಡುಗಳು ಒಂದೊಂದಾಗಿ ಇಳಿಯುತ್ತವೆ. ಅವನ್ನು ತಿರುಗಿಸಿ, ಸರಿಸಿ, ಸಂದಿಗೆ ಕೂಡಿಸಬೇಕು. ಒಂದು ಸಾಲು ಭರ್ತಿಯಾದರೆ ಅಳಿಸಿಹೋಗುತ್ತದೆ. ಶೈಲಜಾ ಸವದತ್ತಿಯಲ್ಲಿ ಹತ್ತು ವರ್ಷದ ಹುಡುಗಿಯಾಗಿದ್ದಾಗ ಅವಳ ಅಣ್ಣ ಮಧುವಿಗೆ ಸೋದರಮಾವನೊಬ್ಬ ಅದನ್ನು ಹುಬ್ಬಳ್ಳಿಯಿಂದ ತಂದುಕೊಟ್ಟಿದ್ದ. ಮಧು ಕಟ್ಟುನಿಟ್ಟಿನ ಹುಡುಗ. ಸೂಟಿಯಲ್ಲಿ ಯಾರು ಎಷ್ಟು ಹೊತ್ತು ಆಡಿದರೆಂದು ಒಂದು ವಹಿಯಲ್ಲಿ ಬರೆದು ರವಿವಾರಕ್ಕೊಮ್ಮೆ ಕೂಡಿಸುತ್ತಿದ್ದ. ತಂಗಿಗೂ ಅಷ್ಟೇ ಪಾಲು ಎನ್ನುತ್ತಿದ್ದ, ಆ ಮಾತಿನಲ್ಲಿ ಮೋಸವಿರಲಿಲ್ಲ. ಆದರೆ ಅವಳ ಪಾಳಿ ಬಂದಾಗಲೇ ಅವ್ವ ಕಸಬರಿಗೆ ಹಿಡಿ ಎಂದು ಕರೆಯುತ್ತಿದ್ದಳು. ವಾರದ ಕೊನೆಗೆ ಮಧುವಿನ ಹೆಸರಿನ ಮುಂದೆ ಒಂಬತ್ತು ತಾಸು, ಶೈಲಾ ಎಂಬುದರ ಮುಂದೆ ಇಪ್ಪತ್ತು ಮಿನಿಟು ಇರುತ್ತಿತ್ತು.

ಹೋದ ಪಂಚಮಿಗೆ ತವರಿಗೆ ಹೋದಾಗ ಮಧು ಅಟ್ಟದ ಸಾಮಾನು ಖಾಲಿ ಮಾಡುತ್ತಿದ್ದ. "ಇದನ್ನ ನಮ್ಮ ಹುಡುಗೂರು ಕಾಲಾಗ ಸೈತ ಒದಿಯೂದಿಲ್ಲ. ನೀ ಒಯ್ತೀ ಏನು?" ಎಂದ. ಅವಳು ಕುಪ್ಪಸದ ಖಣದ ಬಟ್ಟೆಗಳ ನಡುವೆ ಸುತ್ತಿಕೊಂಡು ಬೈಲಹೊಂಗಲದ ಗಂಡನ ಮನೆಗೆ ತಂದಳು. ತಂದ ಮೇಲೆ ಎಲ್ಲಿ ಆಡಬೇಕೆಂಬ ಪ್ರಶ್ನೆ ಬಂತು.

ಮಲಗುವ ಕೋಣೆಗೆ ಬಾಗಿಲಿದೆ, ಹಗಲು ಅದು ಮುಚ್ಚಿರುವಂತಿಲ್ಲ. ಬಚ್ಚಲಲ್ಲಿ ಚಿಲಕ ಹಾಕಿಕೊಂಡರೂ "ನನ್ನ ಟಾವೆಲ್ ಎಲ್ಲಿ ಇಟ್ಟೀ" ಎಂದು ಗಂಡ ಕಲ್ಮೇಶ ಬಂದು ನಿಲ್ಲುತ್ತಾನೆ. ಅವನಿಗೆ ಪೇಟೆಯಲ್ಲಿ ಗೊಬ್ಬರದ ಅಂಗಡಿ. ಮನೆಗೆ ಬಂದರೆ ದಿವಾನದ ಮೇಲೆ ಒರಗಿ ಮೊಬೈಲಿನಲ್ಲಿ ಲೂಡೊ ಆಡುತ್ತಾನೆ, ದಾಳ ಉರುಳುವ ಸದ್ದು ಹಿತ್ತಲಿನವರೆಗೂ ಕೇಳುತ್ತದೆ. ಅವನು ವಾರಕ್ಕೆ ಎಷ್ಟು ತಾಸು ಆಡುತ್ತಾನೆಂದು ಯಾರೂ ಕೂಡಿಸಿಲ್ಲ. ಆ ಮನೆಯಲ್ಲಿ ಹೆಂಗಸೊಬ್ಬಳು ಒಳಗೆ ಕುಳಿತರೆ ಯಾರೂ ತಟ್ಟದ ಬಾಗಿಲು ಒಂದೇ, ದೇವರ ಕೋಲಿಯದು.

ಮೊದಲ ದಿನ ಅವಳು ಪೂಜೆಯನ್ನೇ ಮಾಡಿದಳು. ಕೊರಳ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು, ವಿಭೂತಿ ಹಚ್ಚಿ, ಹೂ ಏರಿಸಿ, ದೃಷ್ಟಿಯಿಟ್ಟು ನೋಡಿದಳು. ಐದು ಮಿನಿಟಿಗೆ ಮುಗಿಯಿತು. ಹೊರಗೆ ಮಾವ ನಿಜಗುಣಪ್ಪ ಚಹಾ ಕೇಳಿದ್ದೂ, ರಾಚವ್ವ "ಸುಮ್ನಿರ್ರಿ, ಹುಡುಗಿ ಪೂಜಿಗೆ ಕುಂತಾಳ, ನಾ ಕೊಡ್ತೇನಿ" ಅಂದದ್ದೂ ಕೇಳಿಸಿತು. ಹದಿನೆಂಟು ವರ್ಷದಲ್ಲಿ ತನ್ನ ಪರವಾಗಿ ಯಾರೋ ಯಾರನ್ನೋ ಸುಮ್ಮನಿರಿಸಿದ್ದು ಅದೇ ಮೊದಲು. ಅವಳು ಏಳಲಿಲ್ಲ. ಮರುದಿನ ಆಟವನ್ನು ಸೆರಗಿನಲ್ಲಿ ಒಯ್ದಳು. ಗುಂಯ್ಗುಡುವ ಸದ್ದಿಗೆ ಹೆದರಿ, ಅದರ ಹಿಂಬದಿ ಬಿಚ್ಚಿ ಸ್ಪೀಕರಿನ ತಂತಿಯನ್ನು ಈಳಿಗೆಯಿಂದ ಕತ್ತರಿಸಿದ್ದಳು.

ಪರದೆಗೆ ಸ್ವಂತ ಬೆಳಕಿಲ್ಲ. ನಂದಾದೀಪಕ್ಕೆ ಓರೆಯಾಗಿ ಹಿಡಿದರೆ ತುಂಡುಗಳು ಕಾಣುತ್ತಿದ್ದವು. ಸೋತರೆ ಯಾರೂ ಹಸಿದು ಕೂರುವುದಿಲ್ಲ, ಯಾರ ಮುಖವೂ ಗಂಟಾಗುವುದಿಲ್ಲ. ಬಟನ್ ಒತ್ತಿದರೆ ಮತ್ತೆ ಖಾಲಿ ಪರದೆ. ಬೇರೇನೂ ಅವಳಿಗೆ ಬೇಕಿರಲಿಲ್ಲ.

ಸಚಿನನ ಹಳೆಯ ವಿಜ್ಞಾನದ ವಹಿಯ ಹಿಂಬದಿಯಲ್ಲಿ ಅವಳೂ ಬರೆಯತೊಡಗಿದಳು, ಅಣ್ಣ ಬರೆದಂತೆ. ಮೊದಲ ವಾರ ಮೂವತ್ತೈದು ಮಿನಿಟು. ಎರಡನೆಯ ವಾರ ಒಂದು ತಾಸು ಐವತ್ತು. ಸಂಜೆಯ ಪೂಜೆಯೂ ಶುರುವಾದ ಮೇಲೆ ಮೂರು ತಾಸು, ನಾಲ್ಕು, ಐದು ತಾಸು ಹತ್ತು. ಶುರುವಿನಲ್ಲಿ ಅಂಕಿ ಏರಿದ್ದು ನೋಡಿ ಖುಷಿಯಾಗುತ್ತಿತ್ತು. ವಹಿಯನ್ನು ವಿಭೂತಿ ಡಬ್ಬಿಯ ಕೆಳಗೆ ಇಡುತ್ತಿದ್ದಳು.

ಕಾರ್ತಿಕ ಸೋಮವಾರವೊಂದರ ಮಧ್ಯಾಹ್ನ ಸಾವಂತ್ರೆವ್ವ ಬಂದಳು. ನಿವೃತ್ತ ಶಿಕ್ಷಕಿ, ಓಣಿಯ ಅಕ್ಕನ ಬಳಗಕ್ಕೆ ಅವಳೇ ಹಿರಿಯಳು. ಶೈಲಜಾ ಚಹಾ ತಂದಿಟ್ಟಾಗ ಅವಳ ಕೈ ಹಿಡಿದು ಪಕ್ಕದಲ್ಲೇ ಕೂರಿಸಿಕೊಂಡಳು.

"ಕುಂದ್ರವಾ. ಬರೂ ರವಿವಾರ ಮುರಗೋಡದಾಗ ಸಾಮೂಹಿಕ ಲಿಂಗಪೂಜಾ ಐತಿ. ಅರವತ್ತು ಮಂದಿ ಹೆಣ್ಮಕ್ಕಳು ಬರ್ತಾರ. ನೀ ಮುಂದ ಕುಂತು ತೋರಸಬೇಕು."

"ನಾನೇನ್ ತೋರಸ್ಲಿರಿ ಅಕ್ಕಾರ."

"ಕುಂದ್ರೂದನ್ನ ತೋರಸು. ನಮ್ಮ ಮಂದಿಗೆ ಹತ್ತ ಮಿನಿಟ ಕುಂದ್ರಂದ್ರ ಬೆನ್ನ ತುರಸ್ತೈತಿ, ಕುಕ್ಕರ ಸೀಟಿ ನೆನಪಾಕ್ಕೈತಿ. ನಿಮ್ಮತ್ತಿ ಎಲ್ಲಾ ಹೇಳ್ಯಾಳ ನಂಗ."

ರಾಚವ್ವ ಶೇಂಗಾ ಸುಲಿಯುತ್ತ ತಲೆ ಎತ್ತದೆ ಹೇಳಿದಳು: "ಸುಳ್ಳ್ಯಾಕ ಹೇಳ್ಲಿ. ಒಂದಿನ ಬಾಗಲಾ ಸರೀ ಮುಚ್ಚಿರಲಿಲ್ಲ, ಹಣಿಕಿ ನೋಡಿದ್ನಿ. ಬಾಗಲಕ್ಕ ಬೆನ್ನ ಮಾಡಿ, ತಲಿ ಬಗ್ಗಿಸಿ, ಅಂಗೈಯಾಗ ದೃಷ್ಟಿ ಇಟ್ಟು ಕುಂತಿದ್ಲು. ಬೆಕ್ಕ ಬಾಜೂ ಹಾದ್ರೂ ಅಳ್ಳಾಡ್ಲಿಲ್ಲ. ನನಗ ಕಣ್ಣಾಗ ನೀರು ಬಂದ್ವು."

"ನೀ ಅಂತೂ ಜನ್ಮದಾಗ ಅಷ್ಟ ಹೊತ್ತು ಕುಂತಾಕಿ ಅಲ್ಲ ಬಿಡ ರಾಚವ್ವಾ."

"ಯಾವಾಗ ಕುಂದ್ರಲಿ? ಇವರ ಮನ್ಯಾಗ ನಾ ಕುಂತದ್ದು ಬಾಣಂತನದಾಗಷ್ಟ."

ಇಬ್ಬರೂ ನಕ್ಕರು. ಶೈಲಜಾ ಬರುವುದಿಲ್ಲ ಎನ್ನಲು ಬಾಯಿ ತೆರೆದಳು, ರಾಚವ್ವ ಅದಾಗಲೇ "ಬರ್ತಾಳ, ಬರ್ತಾಳ. ನಾನೂ ಬರ್ತೇನಿ" ಎಂದಿದ್ದಳು.

ಬೇರೆ ಯಾರಿಗಾದರೂ ಸುಳ್ಳು ಹೇಳಿದ್ದರೆ ಅವಳಿಗೆ ಇಷ್ಟು ಅನ್ನಿಸುತ್ತಿರಲಿಲ್ಲವೇನೋ. ಗಂಡನಿಗೆ ಹೇಳಿದ ಸಣ್ಣ ಸುಳ್ಳುಗಳು ಅವಳನ್ನು ಎಂದೂ ಕಾಡಿರಲಿಲ್ಲ. ಆದರೆ ಆ ಅರ್ಧ ತಾಸು ಮುಗಿಲಿನಿಂದ ಬಿದ್ದದ್ದಲ್ಲ. ಮನೆಯಲ್ಲಿ ಐದು ಜನರಿದ್ದರೂ ಒಬ್ಬಳು ಎದ್ದುಹೋದ ಜಾಗಕ್ಕೆ ಬಂದು ಕೂರಬೇಕಾದವಳು ಇನ್ನೊಬ್ಬ ಹೆಂಗಸೇ. ಅದನ್ನು ಯಾರೂ ಕೂತು ತೀರ್ಮಾನಿಸಿರಲಿಲ್ಲ, ಯಾರಿಗೂ ಬೇರೆ ಥರ ತೋಚಿಯೂ ಇರಲಿಲ್ಲ. ಅವಳಿಗೂ ತೋಚಿರಲಿಲ್ಲ, ಅದೇ ಅವಳನ್ನು ಹೆಚ್ಚು ಚುಚ್ಚಿತು.

ಬುಧವಾರ ಮಧ್ಯಾಹ್ನ ಗಂಡಸರು ಊಟ ಮಾಡಿ ಹೋದ ಮೇಲೆ ರಾಚವ್ವ ಅವಳನ್ನು ದೇವರ ಕೋಲಿಗೆ ಕರೆದಳು. ಕೋಲಿಯೊಳಗೆ ಕಂಬಳಿ ಹಾಸಿ, ತಾನು ಕುಳಿತು, ಎದುರಿಗೆ ಸೊಸೆಗೆ ಜಾಗ ಮಾಡಿಟ್ಟಿದ್ದಳು.

"ಶೈಲಾ, ರವಿವಾರ ಅಷ್ಟ ಮಂದ್ಯಾಗ ನಾ ಮಿಸುಕ್ಯಾಡಿದ್ರ ನಿನಗ ನಾಚಿಕಿ ಬರ್ತೈತಿ. ನನಗೂ ಒಂಚೂರು ಕಲಸು."

"ನಿಮಗ ನಾ ಕಲಸೂದೇನ್ರಿ ಅತ್ತಿ."

"ಖರೇನ ಕೇಳಾಕತ್ತೇನಿ. ಲಿಂಗ ಕೈಯಾಗ ತಗೊಂಡ್ನಿ ಅಂದ್ರ ಹಾಲ ಉಕ್ಕೀತು, ಕಾಳ ನೆನಿ ಹಾಕಿಲ್ಲ, ಇದ ಬರ್ತೈತಿ ತಲ್ಯಾಗ. ನೀ ಹ್ಯಾಂಗ ನಿಲ್ಲಸ್ತೀ ಮನಸ್ಸು?"

ರಾಚವ್ವ ಎಡ ಅಂಗೈಯನ್ನು ಮುಂದೆ ಚಾಚಿದಳು. ಲಿಂಗ ಇಡಲು ಅಂಗೈ ಸಮವಾಗಿ ಬಿಚ್ಚಬೇಕು. ಅವಳದು ಬಿಚ್ಚಲಿಲ್ಲ. ಬೆರಳ ಗಿಣ್ಣುಗಳು ಅರಿಸಿನ ಕೊಂಬಿನಂತೆ ಊದಿದ್ದವು. ಹೆಬ್ಬೆರಳ ಬುಡದಲ್ಲಿ ಹಂಚು ತಾಗಿ ಸುಟ್ಟ ಹೊಸ ಕಲೆಯಿತ್ತು.

"ಇದು ಯಾವಾಗಿಂದ ಹಿಂಗಾತ್ರಿ?" ಎಂದು ಕೇಳಿದಳು ಶೈಲಜಾ. ಕೇಳಿದ ಮೇಲೆ ಉತ್ತರ ಬೇಡವೆನ್ನಿಸಿತು.

"ಪಂಚಮಿ ಆದಮ್ಯಾಲ ಒಂದೀಟ ಜಾಸ್ತಿ ಆತು. ಚಳಿಗಾಲಾ ಬಂತಲ್ಲ. ಅದಿರ್ಲಿ, ನೀ ಹೇಳು."

ಶೈಲಜಾ ಆ ಕೈಯನ್ನು ತನ್ನ ಅಂಗೈ ಮೇಲೆ ಹೊತ್ತು ಹಿಡಿದಳು. ಉಸಿರು ನಿಧಾನ ಬಿಡ್ರಿ, ಕಣ್ಣು ಅಲ್ಲೇ ಇಡ್ರಿ ಎಂದು ತನಗೆ ಗೊತ್ತಿಲ್ಲದ್ದನ್ನು ಹೇಳಿಕೊಟ್ಟಳು. ರಾಚವ್ವ ಎರಡನೇ ತರಗತಿಯ ಹುಡುಗಿಯ ಹಾಗೆ ಹೇಳಿದ್ದನ್ನೆಲ್ಲ ಮಾಡಿದಳು. ಮೂರು ಮಿನಿಟಿಗೆ ಕಣ್ಣು ಮುಚ್ಚಿಬಂದು, ಕುಳಿತಲ್ಲೇ ನಿದ್ದೆಹೋದಳು.

ಅವತ್ತು ಸಂಜೆ ಶೈಲಜಾ ಆಡಲಿಲ್ಲ. ವಹಿ ತೆಗೆದು ಹದಿನಾಲ್ಕು ವಾರವನ್ನೂ ಕೂಡಿಸಿದಳು. ನಲವತ್ತೊಂಬತ್ತು ತಾಸು. ರಾಚವ್ವ ಅರ್ಧ ತಾಸಿಗೆ ಹದಿನೈದು ರೊಟ್ಟಿ ಬಡಿಯುತ್ತಾಳೆ. ಸಾವಿರದ ನಾನೂರ ಎಪ್ಪತ್ತು ರೊಟ್ಟಿ. ಹೊರಗಿನಿಂದ ರೊಟ್ಟಿ ಬಡಿಯುವ ಕೊಣಮಿಗೆಯ ಮೇಲೆ ಆ ಕೈ ಬೀಳುವ ಸದ್ದು ಬರುತ್ತಿತ್ತು. ಇಷ್ಟು ದಿನವೂ ಬಂದಿರಬೇಕು, ತಾನು ಆಟದ ಸದ್ದು ಹೊರಗೆ ಹೋಗದಂತೆ ನೋಡಿಕೊಂಡವಳು, ಹೊರಗಿನ ಸದ್ದು ಒಳಗೆ ಬಂದದ್ದನ್ನು ಕೇಳಿರಲಿಲ್ಲ. ವಹಿಯ ಆ ಹಾಳೆಯನ್ನು ಹರಿಯಬೇಕೆನ್ನಿಸಿತು. ಹರಿಯಲಿಲ್ಲ.

ಗುರುವಾರ, ಶುಕ್ರವಾರ ಇನ್ನೊಂದು ದಾರಿ ಹಿಡಿದು ನೋಡಿದಳು. ಇನ್ನು ಮೇಲೆ ನಿಜವಾಗಿ ಪೂಜೆಗೇ ಕುಳಿತುಬಿಟ್ಟರೆ ಹಿಂದಿನದನ್ನು ಯಾರು ಕೇಳುತ್ತಾರೆ? ಆಟವನ್ನು ಅಕ್ಕಿಯ ಡಬ್ಬಿಯಲ್ಲಿ ಹೂತಿಟ್ಟು ಬಂದು ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ನೋಡಿದಳು. ನೋಡಿದಷ್ಟೂ ಲಿಂಗದ ಮೇಲಿನ ಕಪ್ಪು ಕಂಥೆಯ ಲೇಪದ ಹೊಳಪಿನಲ್ಲಿ ಚೌಕದ ತುಂಡುಗಳು ಇಳಿಯತೊಡಗಿದವು. ಒಂದು ಉದ್ದನೆಯದು ಬಂದರೆ ಎಡಗಡೆಯ ಸಂದಿ ತುಂಬುತ್ತಿತ್ತು. ಲಿಂಗವನ್ನು ಕರಡಿಗೆಗೆ ಸೇರಿಸಿ, ಎದ್ದು ಹೋಗಿ "ಇವತ್ತ ರೊಟ್ಟಿ ನಾ ಬಡೀತೇನ್ರಿ" ಎಂದಳು.

"ಏ ಹೋಗ," ಎಂದು ರಾಚವ್ವ ಮೊಣಕೈಯಿಂದ ಅವಳನ್ನು ದೂಡಿದಳು. "ಅರ್ಧಕ್ಕ ಎದ್ದ ಬರ್ತಾರೇನು? ನನ್ನ ಪುಣ್ಯಾನೂ ಅದರಾಗ ಐತಿ, ಕೆಡಸಬ್ಯಾಡ."

ದಿವಾನದ ಮೇಲಿಂದ ಕಲ್ಮೇಶ ಹೇಳಿದ: "ಶರಣಮ್ಮಾರ, ರವಿವಾರ ನಮ್ಮ ನಾಷ್ಟಾದ ವ್ಯವಸ್ಥಾ ಮಾಡಿ ಹೋಗ್ರಿ ಮತ್ತ."

ರವಿವಾರ ಬೆಳಿಗ್ಗೆ ಎಂಟಕ್ಕೆ ಟೆಂಪೊ ಬರುವುದಿತ್ತು. ಆರಕ್ಕೆ ಶೈಲಜಾ ಅಕ್ಕಿಯ ಡಬ್ಬಿಯಿಂದ ಆಟವನ್ನು ತೆಗೆದು ಸೆರಗಿನಲ್ಲಿ ಒಯ್ದು, ಕೋಲಿಯ ಚಿಲಕ ಹಾಕಿಕೊಂಡು ಕುಳಿತಳು. ಅಡುಗೆಮನೆಯಲ್ಲಿ ರಾಚವ್ವ ಇಳಕಲ್ ಸೀರೆ ಉಟ್ಟು, ಅದಕ್ಕೆ ಹಿಟ್ಟು ತಾಗದಂತೆ ಹಳೆ ಟಾವೆಲ್ ಸುತ್ತಿಕೊಂಡು, ಗಂಡಸರ ಪಾಲಿನ ರೊಟ್ಟಿ ಬಡಿಯುತ್ತಿದ್ದಳು.

ಜ್ವರ ಎನ್ನಬಹುದಿತ್ತು. ಹೊರಗಾಗಿದ್ದೇನೆ ಎನ್ನಬಹುದಿತ್ತು, ಆದರೆ ಲಿಂಗ ಕಟ್ಟಿದವರಿಗೆ ಆ ಮೈಲಿಗೆ ಇಲ್ಲವೆಂದು ಅತ್ತೆಯೇ ಮದುವೆಯಾದ ಹೊಸದರಲ್ಲಿ ಹೇಳಿಕೊಟ್ಟಿದ್ದಳು. ಸುಮ್ಮನೆ ಹೋಗಿ ಅರವತ್ತು ಹೆಂಗಸರ ಮುಂದೆ ಕೂರಬಹುದಿತ್ತು. ತಲೆ ಬಗ್ಗಿಸಿ ಕೂರುವುದು ಅವಳಿಗೆ ಚೆನ್ನಾಗಿಯೇ ಬರುತ್ತಿತ್ತು, ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಆದರೆ ಆಗ ಮುಂದಿನ ಸಾಲಿನಲ್ಲಿ ರಾಚವ್ವ ಊದಿದ ಕೈ ಚಾಚಿಕೊಂಡು, ತನ್ನನ್ನೇ ನೋಡಿ ನೋಡಿ ಹಾಗೆಯೇ ಕೂರಲು ಹೆಣಗುತ್ತಾಳೆ. ಯೋಚನೆ ಅಲ್ಲಿಗೆ ಬಂದಾಗ ಅವಳಿಗೆ ಮುಂದೆ ಹೋಗಲಾಗಲಿಲ್ಲ.

ಹೇಳಿದರೆ ಈ ಬಾಗಿಲು ಹೋಗುತ್ತದೆ. ಮತ್ತೊಂದು ಬಾಗಿಲು ಆ ಮನೆಯಲ್ಲಿ ಅವಳಿಗಿಲ್ಲ. ಸಾವಂತ್ರೆವ್ವನ ಮುಂದೆ ಅತ್ತೆಯ ಮಾತು ಸುಳ್ಳಾಗುತ್ತದೆ. ಗಂಡ ವರ್ಷಗಟ್ಟಲೆ ಆಡಿಕೊಂಡು ನಗುತ್ತಾನೆ. ಮುರಗೋಡದಿಂದ ಬಂದ ಮೇಲೆ ಹೇಳಿದರಾಯಿತು ಎಂದೂ ಒಂದು ಗಳಿಗೆ ಅನ್ನಿಸಿತು. ಬಂದ ಮೇಲೆ ತಾನು ಹೇಳುವುದಿಲ್ಲವೆಂಬುದು ಅವಳಿಗೆ ಗೊತ್ತಿತ್ತು.

ಆಟವನ್ನು ಸೆರಗಿನೊಳಗೆ ಸೇರಿಸದೆ ಕೈಯಲ್ಲೇ ಹಿಡಿದು ಚಿಲಕ ತೆಗೆದಳು. ಪೇಪರು ಓದುತ್ತಿದ್ದ ಮಾವನನ್ನು, ದಿವಾನದ ಮೇಲಿದ್ದ ಗಂಡನನ್ನು ದಾಟಿ ಅಡುಗೆಮನೆಗೆ ಹೋಗಿ, ಹಂಚಿನ ಮೇಲೆ ರೊಟ್ಟಿ ಅರ್ಧ ಬೆಂದಿರುವಾಗಲೇ ಗ್ಯಾಸು ಬಂದ್ ಮಾಡಿದಳು.

"ಯಾಕ? ಸಿಲಿಂಡರ್ ಖಾಲಿ ಆತೇನು?" ಎಂದಳು ರಾಚವ್ವ.

"ಇಲ್ರಿ ಅತ್ತಿ. ಕೈ ತೊಳಕೊರ್ರಿ, ಇಲ್ಲಿ ಕುಂದರ್ರಿ. ನಾ ಒಳಗ ಕುಂತು ಏನ ಮಾಡ್ತಿದ್ನಿ ಅನ್ನೂದು ತೋರಸ್ತೇನಿ."